ಹುಳ ಬಿಡೋರು, ಗಾಳ ಹಾಕೋರು

(ಮಡಿಕೇರಿಯ ಒಂದು ಕಾಲೇಜಿನ ಕನ್ನಡ ಸಂಘದಲ್ಲಿ ಆಡಿದ ಮಾತುಗಳ ಬರಹ ರೂಪ. ನಡುವೆ ಕರೆಂಟ್ ಹೋಗಿ, ಮೈಕ್ ಇಲ್ಲದೆ ಹತ್ತು ನಿಮಿಷ ಕೂಗಾಡಿದ್ದನ್ನು ಇಲ್ಲಿ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಳಗೆ ಬರುವ ಮೊದಲು ಮೆಟ್ಟಿಲ ಹತ್ತಿರ ಕೊಡೆ ಮಡಚುತ್ತಾ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಹುಡುಗ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: "ಇಲ್ಲ ಗುರು, ಈಗ ಬರಕ್ಕಾಗಲ್ಲ. ಯಾರೋ ಬಂದಿದ್ದಾರಂತೆ, ಒಂದು ಗಂಟೆ ಕೊರೀತಾರೆ." ಅವನು ಯಾರು ಎಂದು ನಾನು ಹೇಳುವುದಿಲ್ಲ. ಈಗ ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಾನೆ, ಅಷ್ಟೇ. ನಿಜ ಹೇಳಬೇಕೆಂದರೆ ಅವನಿಗೆ ನಾನು ಥ್ಯಾಂಕ್ಸ್ ಹೇಳಬೇಕು. ಮಾತು ಎಲ್ಲಿಂದ ಶುರು ಮಾಡಲಿ ಎಂದು ಎರಡು ದಿನದಿಂದ ತಲೆ ಕೆಡಿಸಿಕೊಂಡಿದ್ದೆ. ಅವನು ಒಂದೇ ಉಸಿರಿನಲ್ಲಿ ನನಗೆ ಬೇಕಾದ ಎರಡು ಪದ ಕೊಟ್ಟುಬಿಟ್ಟ. ಒಂದು 'ಗುರು', ಇನ್ನೊಂದು 'ಕೊರೆಯೋದು'.

ಮೊದಲು ಕೊರೆಯೋದನ್ನೇ ತೆಗೆದುಕೊಳ್ಳೋಣ. ಇಲ್ಲಿ ಅರ್ಧಕ್ಕರ್ಧ ಜನ ಕಾಫಿ ತೋಟದ ಮನೆಯವರು. ನಮ್ಮಲ್ಲಿ ಬೋರರ್ ಎಂದರೆ ಭಾಷಣ ಮಾಡುವವನಲ್ಲ, ಬಿಳಿ ಕಾಂಡ ಕೊರಕ. ಅರೇಬಿಕಾ ಗಿಡದ ತೊಗಟೆಯ ಸಂದಿಯಲ್ಲಿ ದುಂಬಿ ಮೊಟ್ಟೆ ಇಡುತ್ತದೆ, ಮರಿಹುಳ ಕಾಂಡದೊಳಗೆ ಸುರಂಗ ತೋಡುತ್ತಾ ಹೋಗುತ್ತದೆ. ಹೊರಗಿನಿಂದ ಗಿಡ ಚೆನ್ನಾಗೇ ಕಾಣುತ್ತದೆ. ಎಲೆ ಹಳದಿ ಆಗುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಅದಕ್ಕೇ ವರ್ಷವೂ ಜನ ಬಿಟ್ಟು ಒಂದೊಂದೇ ಗಿಡ ನೋಡಿಸುತ್ತೇವೆ. ಅದಕ್ಕೆ ತೋಟದ ಮಾತಿನಲ್ಲಿ 'ಟ್ರೇಸಿಂಗ್' ಅನ್ನುತ್ತೇವೆ. ನಾನು ಬೆಂಗಳೂರಿನಲ್ಲಿ ಹದಿನೆಂಟು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ ಸಿದ್ದಾಪುರದ ಹತ್ತಿರ ಅಪ್ಪನ ತೋಟಕ್ಕೆ ವಾಪಸ್ ಬಂದವನು. ಅಲ್ಲೂ ಇದೇ ಕೆಲಸ. ಚೆನ್ನಾಗೇ ಕಾಣುವ ಪ್ರೋಗ್ರಾಮಿನೊಳಗೆ ಎಲ್ಲೋ ಹುಳ ಕೂತಿರುತ್ತದೆ. ಒಂದೊಂದೇ ಸಾಲು ಹಿಡಿದು ಹುಡುಕಬೇಕು. ಅದಕ್ಕೂ 'ಟ್ರೇಸ್ ಮಾಡೋದು' ಅಂತಲೇ ಹೆಸರು. ತೋಟಕ್ಕೆ ಬಂದ ಮೊದಲ ವರ್ಷ, ತೋಟದ ಲೆಕ್ಕಪತ್ರ ಬರೆಯುವ ನಮ್ಮ ರೈಟರ್ "ಸರ್, ನಾಳೆಯಿಂದ ಟ್ರೇಸಿಂಗ್" ಅಂದಾಗ ನನಗೆ ಬಿಟ್ಟುಬಂದ ಆಫೀಸೇ ಹಿಂದೆ ಓಡಿಬಂದ ಹಾಗಾಯಿತು.

ಕಂಪ್ಯೂಟರಿನವರು ತಪ್ಪಿಗೆ 'ಬಗ್' ಅಂತಾರೆ, ಅಂದರೆ ಹುಳ. ಈ ಪದದ ಬಗ್ಗೆ ಒಂದು ಕಥೆ ಎಲ್ಲ ಕಡೆ ಓಡಾಡುತ್ತದೆ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನಲ್ಲಿ ಮಾರ್ಕ್ 2 ಎಂಬ ದೊಡ್ಡ ಯಂತ್ರ ಕೆಟ್ಟು ನಿಂತಿತು. ಒಳಗೆ ನೋಡಿದರೆ ಒಂದು ರಿಲೇಯಲ್ಲಿ, ಅಂದರೆ ಕರೆಂಟಿನಿಂದ ತಾನೇ ತೆರೆದು ಮುಚ್ಚುವ ಸ್ವಿಚ್ಚಿನಲ್ಲಿ, ಪತಂಗ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ದಿನಚರಿ ಪುಸ್ತಕಕ್ಕೆ ಟೇಪ್ ಹಚ್ಚಿ ಅಂಟಿಸಿದರು. ಈ ಕಥೆಯನ್ನು ಊರಿಗೆಲ್ಲ ಹೇಳಿದವರು ಅಲ್ಲಿ ಕೆಲಸ ಮಾಡಿದ್ದ ಗ್ರೇಸ್ ಹಾಪರ್ ಎಂಬ ಕಂಪ್ಯೂಟರ್ ತಜ್ಞೆ. ಬಗ್ ಎಂಬ ಪದ ಅಲ್ಲೇ ಹುಟ್ಟಿತು ಎಂದು ತುಂಬಾ ಜನ ಬರೆಯುತ್ತಾರೆ. ತಪ್ಪು. ಪತಂಗದ ಪಕ್ಕದಲ್ಲಿ ಅವರು ಬರೆದದ್ದೇ "ನಿಜವಾದ ಹುಳ ಸಿಕ್ಕ ಮೊದಲ ಪ್ರಸಂಗ" ಅಂತ. ಪದ ಮೊದಲೇ ಇರದಿದ್ದರೆ ಈ ತಮಾಷೆಗೆ ಅರ್ಥವೇ ಇರುತ್ತಿರಲಿಲ್ಲ. ಥಾಮಸ್ ಎಡಿಸನ್ 1878ರಲ್ಲೇ ತನ್ನ ಯಂತ್ರಗಳ ಸಣ್ಣಪುಟ್ಟ ತೊಂದರೆಗಳಿಗೆ ಕಾಗದದಲ್ಲಿ ಬಗ್ ಎಂದು ಬರೆದಿದ್ದಾನೆ. ಅಂದರೆ ಹಾರ್ವರ್ಡ್‌ನಲ್ಲಿ ಆದದ್ದು ಶೋಧನೆ ಅಲ್ಲ, ಜೋಕು. ರಾತ್ರಿ ಹಗಲು ಯಂತ್ರದ ಮುಂದೆ ಕೂತು ಸುಸ್ತಾದವರು ಮಾಡಿಕೊಂಡ ಜೋಕು.

ಈಗ ನಮ್ಮ ಕಡೆ ನೋಡಿ. "ತಲೆಗೆ ಹುಳ ಬಿಡಬೇಡ ಮಾರಾಯ" ಅನ್ನುತ್ತೇವೆ. ಹುಳ ಬಿಟ್ಟರೆ ಏನಾಗುತ್ತದೆ? ಅಲ್ಲಿಯವರೆಗೆ ನೆಟ್ಟಗೆ ಓಡುತ್ತಿದ್ದ ತಲೆ ಓಡುವುದಿಲ್ಲ. ಇದಕ್ಕಿಂತ ಒಳ್ಳೆಯ ಅನುವಾದ ಬೇಕಾ? ನಾನು ಕೆಲಸ ಮಾಡುತ್ತಿದ್ದ ಕಡೆ ಕನ್ನಡದವರೇ ಆರು ಜನ ಇದ್ದೆವು. ನಮ್ಮೊಳಗೆ "ಇದ್ರಲ್ಲಿ ಹುಳ ಐತೆ", "ಈ ಹುಳ ಯಾರು ಬಿಟ್ಟಿದ್ದು" ಎಂದೇ ಮಾತಾಡುತ್ತಿದ್ದೆವು. ಯಾರೂ ನಮಗೆ ಹೇಳಿಕೊಟ್ಟದ್ದಲ್ಲ. ಆಮೇಲೆ ಒಂದು ದಿನ ಕನ್ನಡದಲ್ಲಿ ಕಂಪ್ಯೂಟರ್ ಕಲಿಸುವ ಒಂದು ಪುಸ್ತಕ ಕೈಗೆ ಬಂತು. ಅದರಲ್ಲಿ ಬಗ್ಗಿಗೆ 'ದೋಷ' ಎಂದಿತ್ತು. ದೋಷ ಅಂದರೆ ನನಗೆ ಕುಜ ದೋಷ ನೆನಪಾಗುತ್ತದೆ. ಪೂಜೆ ಮಾಡಿಸಬೇಕು ಅನಿಸುತ್ತದೆಯೇ ಹೊರತು ಹುಡುಕಿ ತೆಗೆಯಬೇಕು ಅನಿಸುವುದಿಲ್ಲ.

ನಾನು ಇವತ್ತು ಹೇಳಲು ಬಂದದ್ದು ಇಷ್ಟೇ. ಕಂಪ್ಯೂಟರಿನ ಪದಗಳು ಭಾರೀ ಪಂಡಿತರು ಕೂತು ಮಾಡಿದ ಪದಗಳು ಎಂದು ನಮಗೆ ಒಂದು ಭಯ ಇದೆ. ಹಾಗಾಗಿ ನಮ್ಮವರು ಅವಕ್ಕೆ ಸಮನಾದ ಭಾರೀ ಪದಗಳನ್ನು ನಿಘಂಟಿನಿಂದ ಎತ್ತಿ ತರುತ್ತಾರೆ. ಆದರೆ ಆ ಪದಗಳಲ್ಲಿ ಎಷ್ಟೋ ನಿಮ್ಮ ವಯಸ್ಸಿನ ಹುಡುಗರು ಹಾಸ್ಟೆಲಿನಲ್ಲಿ, ಕ್ಲಬ್ಬಿನಲ್ಲಿ ಪೋಲಿ ಹರಟೆ ಹೊಡೆಯುತ್ತಾ ಹುಟ್ಟಿಸಿದವು. ಹರಟೆಯನ್ನು ಅನುವಾದ ಮಾಡಬೇಕಾದರೆ ಹರಟೆಯ ಹತ್ತಿರವೇ ಹೋಗಬೇಕು, ಅಲ್ವಾ?

'ಹ್ಯಾಕ್' ಎಂಬ ಪದದ ಕಥೆ ಕೇಳಿ. ಅಮೆರಿಕದ ಎಂಐಟಿ ಎಂಬ ದೊಡ್ಡ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಆಟಿಕೆ ರೈಲು ಓಡಿಸುವ ವಿದ್ಯಾರ್ಥಿಗಳ ಒಂದು ಕ್ಲಬ್ ಇತ್ತು. ಮಹಾಯುದ್ಧದ ಕಾಲದ ಒಂದು ಮರದ ಕಟ್ಟಡದಲ್ಲಿ ದೊಡ್ಡ ಮೇಜಿನ ಮೇಲೆ ಹಳಿ, ಸ್ಟೇಷನ್, ಗುಡ್ಡ ಎಲ್ಲ ಮಾಡಿದ್ದರು. ಅದರಲ್ಲಿ ಎರಡು ಗುಂಪು. ಕೆಲವರಿಗೆ ರೈಲಿಗೆ ಬಣ್ಣ ಹಚ್ಚುವ ಹುಚ್ಚು. ಇನ್ನು ಕೆಲವರಿಗೆ ರೈಲು ಬೇಕೇ ಇಲ್ಲ, ಮೇಜಿನ ಕೆಳಗೆ ನುಸುಳಿ ವೈರು, ಸ್ವಿಚ್ಚು, ಟೆಲಿಫೋನಿನ ಹಳೆಯ ರಿಲೇಗಳನ್ನು ಜೋಡಿಸುವ ಹುಚ್ಚು. 1955ರ ಏಪ್ರಿಲ್‌ನ ಸಭೆಯ ನಡಾವಳಿಯಲ್ಲಿ ಒಂದು ಸಾಲು ಇದೆ: ವಿದ್ಯುತ್ ವ್ಯವಸ್ಥೆಯ ಮೇಲೆ ಕೆಲಸ ಮಾಡುವವರು ಅಥವಾ 'ಹ್ಯಾಕ್' ಮಾಡುವವರು ದಯವಿಟ್ಟು ಪವರ್ ಆಫ್ ಮಾಡಿ, ಫ್ಯೂಸ್ ಹೋಗುತ್ತದೆ. ಗಮನಿಸಿ. ಕೆಲಸ ಬೇರೆ, ಹ್ಯಾಕ್ ಬೇರೆ. 1959ರಲ್ಲಿ ಆ ಕ್ಲಬ್ಬಿನ ಪೀಟರ್ ಸ್ಯಾಮ್ಸನ್ ಎಂಬ ಹುಡುಗ ತಮ್ಮ ಪೋಲಿ ಪದಗಳದ್ದೇ ಒಂದು ಪುಟ್ಟ ನಿಘಂಟು ಮಾಡಿದ. ಅದರಲ್ಲಿ ಹ್ಯಾಕ್ ಎಂದರೆ ಯಾವ ಪ್ರಯೋಜನವೂ ಇಲ್ಲದೆ ಮಾಡುವ ಕೆಲಸ ಎಂಬ ಅರ್ಥ ಕೊಟ್ಟಿದ್ದಾನೆ. ಇದೇ ಹುಡುಗರು ಮೇಜಿನ ಕೆಳಗಿನಿಂದ ಎದ್ದು ಕಾಲೇಜಿನ ಕಂಪ್ಯೂಟರ್ ರೂಮಿಗೆ ನುಗ್ಗಿದರು. ಪದವೂ ಜೊತೆಗೆ ಹೋಯಿತು.

ಇದಕ್ಕೆ ಕನ್ನಡದಲ್ಲಿ ಏನು ಹೇಳುತ್ತೀರಿ? (ಸಭೆಯಿಂದ ಯಾರೋ 'ಭೇದಿಸುವುದು' ಎಂದರು.) ಅಯ್ಯೋ, ಚಕ್ರವ್ಯೂಹ ಆಯಿತು ಅದು. ಸಣ್ಣವನಿದ್ದಾಗ ನಾನು ಮನೆಯ ರೇಡಿಯೋ ಬಿಚ್ಚಿಟ್ಟುಕೊಂಡು ಕೂತರೆ ಅಮ್ಮ ಅಡುಗೆಮನೆಯಿಂದಲೇ ಕೂಗುತ್ತಿದ್ದರು: "ಏನೋ ಅದು ಕಿತಾಪತಿ?" ಹಾ! ಕಿತಾಪತಿ. ಬೇಡದ ಕಡೆ ಕೈ ಹಾಕುವುದು, ಬಿಚ್ಚುವುದು, ಸೇರಿಸುವುದು, ಒಮ್ಮೊಮ್ಮೆ ಕೆಡಿಸುವುದು, ಒಮ್ಮೊಮ್ಮೆ ಎಲ್ಲರೂ ಬಾಯಿ ಬಿಡುವ ಹಾಗೆ ಸರಿ ಮಾಡುವುದು. ಬೈಗುಳವೂ ಹೌದು, ಒಳಗೊಳಗೆ ಮೆಚ್ಚುಗೆಯೂ ಹೌದು. ಹ್ಯಾಕ್ ಎಂಬ ಪದದ ಬಣ್ಣ ಸರಿಯಾಗಿ ಇದೇ.

ಇನ್ನೊಂದು ಮಜಾ ಇದೆ. ಆಮೇಲೆ ಪತ್ರಿಕೆಯವರು ಹ್ಯಾಕರ್ ಅಂದರೆ ಕಳ್ಳ ಎಂದು ಬರೆಯತೊಡಗಿದರು. ಹಳೆಯ ಹ್ಯಾಕರುಗಳಿಗೆ ಸಿಟ್ಟು ಬಂತು. ಕಳ್ಳರಿಗೆ 'ಕ್ರ್ಯಾಕರ್' ಅನ್ನಿ, ನಮ್ಮನ್ನು ಬಿಡಿ ಎಂದು 1980ರ ದಶಕದಿಂದಲೂ ಜಗಳ ಆಡಿದರು. ಯಾರೂ ಕೇಳಲಿಲ್ಲ. ಇಂಗ್ಲಿಷಿನಲ್ಲಿ ಆ ಗೊಂದಲ ಇವತ್ತಿಗೂ ಹಾಗೇ ಇದೆ. ಕನ್ನಡದಲ್ಲಿ ಇಲ್ಲ ನೋಡಿ. ನಮ್ಮ ಪೇಪರಿನ ತಲೆಬರಹ ಏನು? "ಬ್ಯಾಂಕ್ ಖಾತೆಗೆ ಕನ್ನ." ಗೋಡೆಯಲ್ಲಿ ತೂತು ಕೊರೆದು ಕಳ್ಳ ನುಗ್ಗುವುದು ಕನ್ನ. ರೇಡಿಯೋ ಬಿಚ್ಚುವುದು ಕಿತಾಪತಿ. ಎರಡನ್ನೂ ಯಾರೂ ಕಲಸುವುದಿಲ್ಲ. ಇನ್ನು ಕ್ರ್ಯಾಕ್ ಅಂದರೆ ನಮ್ಮಲ್ಲಿ ಏನು ಅರ್ಥ ಎಂದು ನಿಮಗೆ ಗೊತ್ತು. ಪ್ರತಿ ಹಾಸ್ಟೆಲಿನಲ್ಲೂ ಒಬ್ಬ ಇರುತ್ತಾನೆ.

ಈಗ ನನ್ನದೇ ಒಂದು ಕಿತಾಪತಿ ಹೇಳುತ್ತೇನೆ. ನಮ್ಮ ಮಾವನ ತೋಟದ ಮನೆಯಲ್ಲಿ ಒಂದು ಫೋನ್ ಇತ್ತು, ಕರಿ ಬಣ್ಣದ್ದು, ಬೆರಳಿಟ್ಟು ತಿರುಗಿಸುವ ಡಯಲಿನದ್ದು. ರಜೆಗೆ ಹೋದ ಮಕ್ಕಳು ಬಿಲ್ ಏರಿಸುತ್ತಾರೆ ಎಂದು ಮಾವ ಡಯಲಿಗೆ ಒಂದು ಸಣ್ಣ ಬೀಗ ಹಾಕಿದ್ದರು. ಬೀಗ ಇದ್ದರೇನು, ರಿಸೀವರ್ ಇಡುವ ಕಡೆ ಎರಡು ಗುಬಟು ಇರುತ್ತವಲ್ಲ, ಅದನ್ನು ಬೆರಳಲ್ಲಿ ಟಕಟಕ ಕುಟ್ಟಿದರೆ ಸಾಕು. ನಾಲ್ಕು ಸಲ ಕುಟ್ಟಿದರೆ ನಾಲ್ಕು, ಹತ್ತು ಸಲ ಕುಟ್ಟಿದರೆ ಸೊನ್ನೆ. ಡಯಲ್ ಮಾಡುವ ಕೆಲಸವೂ ಅಷ್ಟೇ, ಲೈನನ್ನು ಅಷ್ಟು ಸಲ ಕಡಿದು ಸೇರಿಸುವುದು. ನಮ್ಮ ಅಣ್ಣ ಇದನ್ನು ಕಲಿತುಬಂದು ನಮಗೆಲ್ಲ ಕಲಿಸಿದ. ನಮ್ಮೊಳಗೆ ಅದಕ್ಕೆ 'ಕುಟ್ಟೋದು' ಎಂದೇ ಹೆಸರು. "ಮಧ್ಯಾಹ್ನ ಮಾವ ಮಲಗಿದ ಮೇಲೆ ಕುಟ್ಟೋಣ್ವಾ?" ಸೊನ್ನೆ ಜಾಸ್ತಿ ಇರುವ ನಂಬರಿನ ಗೆಳೆಯರಿಗೆ ನಾವು ಫೋನೇ ಮಾಡುತ್ತಿರಲಿಲ್ಲ, ಬೆರಳು ನೋಯುತ್ತಿತ್ತು. ಬಿಲ್ ಬಂದಾಗ ಮಾವ ಬೀಗವನ್ನು ತಿರುಗಿಸಿ ತಿರುಗಿಸಿ ನೋಡಿದ ಮುಖ ಇನ್ನೂ ಕಣ್ಣಿಗೆ ಕಟ್ಟಿದೆ. ಈಗ ಕೀಬೋರ್ಡಿನ ಮುಂದೆ ಕೂತವನಿಗೂ "ಏನ್ ಕುಟ್ತಾ ಇದ್ದೀಯ" ಎಂದೇ ಕೇಳುತ್ತೇವೆ. ಟೈಪಿಸುವುದಕ್ಕಿಂತ ನನಗೆ ಅದೇ ಇಷ್ಟ.

ಅಮೆರಿಕದಲ್ಲಿ ಇದೇ ಕೆಲಸ ದೊಡ್ಡ ಮಟ್ಟದಲ್ಲಿ ನಡೆಯಿತು. ಅಲ್ಲಿಯ ದೂರದ ಕರೆಗಳ ಲೈನು ಖಾಲಿ ಇದೆ ಎಂದು ತಿಳಿಸಲು ಫೋನ್ ಕಂಪನಿ 2600 ಹರ್ಟ್ಸಿನ ಒಂದು ಸ್ವರ ಬಳಸುತ್ತಿತ್ತು. ಜೋ ಎಂಗ್ರೆಸಿಯಾ ಎಂಬ ಕಣ್ಣು ಕಾಣದ ಹುಡುಗ ಚಿಕ್ಕ ವಯಸ್ಸಿನಲ್ಲೇ ಆ ಸ್ವರವನ್ನು ಬಾಯಲ್ಲೇ ಶಿಳ್ಳೆ ಹೊಡೆದು ಲೈನನ್ನು ಏಮಾರಿಸುವುದು ಕಲಿತ. ಲೈನನ್ನು ಹೀಗೆ ಏಮಾರಿಸಿದರೆ ದೂರದ ಕರೆ ಪುಕ್ಕಟೆ. ಕ್ಯಾಪ್ಟನ್ ಕ್ರಂಚ್ ಎಂಬ ತಿಂಡಿಯ ಪೊಟ್ಟಣದ ಜೊತೆ ಪುಕ್ಕಟೆ ಕೊಡುತ್ತಿದ್ದ ಪ್ಲಾಸ್ಟಿಕ್ ಪೀಪಿಯೂ ಅದೇ ಸ್ವರ ಊದುತ್ತಿತ್ತು. ಜಾನ್ ಡ್ರೇಪರ್ ಎಂಬವನಿಗೆ ಆ ತಿಂಡಿಯ ಹೆಸರೇ ಅಡ್ಡಹೆಸರಾಯಿತು. ಇದು ಹಿಪ್ಪಿಗಳ ಕಾಲ. ಊರಿನವರು ಉದ್ದ ಕೂದಲಿನ ಹುಡುಗರನ್ನು 'ಫ್ರೀಕ್' ಎಂದು ಹೀಯಾಳಿಸಿದರೆ ಅವರು ಹೌದು ನಾವು ಫ್ರೀಕುಗಳೇ ಎಂದು ಎದೆ ತಟ್ಟಿಕೊಳ್ಳುತ್ತಿದ್ದರು. ಫೋನಿನ ಹುಚ್ಚರು ಆ ಪದದ ಕಾಗುಣಿತ ಬದಲಾಯಿಸಿದರು. ಎಫ್ ತೆಗೆದು ಫೋನಿನಲ್ಲಿರುವ ಪಿಎಚ್ ಹಾಕಿದರು. 1971ರಲ್ಲಿ ಎಸ್ಕ್ವೈರ್ ಪತ್ರಿಕೆಯಲ್ಲಿ ಇವರ ಬಗ್ಗೆ ಬಂದ ಲೇಖನ ಓದಿ ಇಬ್ಬರು ಹುಡುಗರು ಆ ಸ್ವರ ಹೊರಡಿಸುವ ಪೆಟ್ಟಿಗೆ ಮಾಡಿ ಮಾರಿದರು. ಹೆಸರು ಸ್ಟೀವ್ ವೋಜ್ನಿಯಾಕ್, ಸ್ಟೀವ್ ಜಾಬ್ಸ್. ಆ್ಯಪಲ್ ಶುರುವಾಗಿದ್ದು ಇದಾದ ಮೇಲೆ, 1976ರಲ್ಲಿ.

ಆ ಪಿಎಚ್ ಸತ್ತಿಲ್ಲ. 1990ರ ದಶಕದ ನಡುವೆ ಜನರ ಪಾಸ್‌ವರ್ಡ್ ಕದಿಯುವ ಆಟ ಶುರುವಾದಾಗ ಅದಕ್ಕೆ 'ಫಿಶಿಂಗ್' ಎಂದು ಹೆಸರು ಬಿತ್ತು. ಮೀನು ಹಿಡಿಯೋದೇ, ಆದರೆ ಎಫ್ ಬದಲು ಮತ್ತೆ ಅದೇ ಪಿಎಚ್. ನಮಗೆ ಕಾಗುಣಿತದ ಈ ಆಟ ಬೇಕಿಲ್ಲ. ನಮ್ಮಲ್ಲಿ 'ಗಾಳ ಹಾಕೋದು' ಇದೆ. ಕಾವೇರಿ ದಡದಲ್ಲಿ ಕೂತು ಗಾಳ ಹಾಕಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಕಾಲೇಜು ಗೇಟಿನ ಹತ್ತಿರ ನಿಂತು ಗಾಳ ಹಾಕಿದವರು? (ನಗು.) ಎರಡಕ್ಕೂ ಒಂದೇ ಮಾತು. ಎರಡರಲ್ಲೂ ಎರೆಹುಳ ಬೇಕು, ತಾಳ್ಮೆ ಬೇಕು. "ನಿಮ್ಮ ಖಾತೆ ಇವತ್ತು ರಾತ್ರಿ ಬಂದ್ ಆಗುತ್ತೆ, ಈ ಲಿಂಕ್ ಒತ್ತಿ" ಎಂದು ಬರುವ ಮೆಸೇಜೂ ಗಾಳವೇ. ಸಿಕ್ಕಿಬಿದ್ದವರಿಗೆ ಆದದ್ದು ಟೋಪಿ. ನನಗೆ ಯಾವಾಗಲೂ ಅನಿಸುವುದು, ಓಟಿಪಿಯನ್ನು ಸ್ವಲ್ಪ ಜೋರಾಗಿ ಹೇಳಿದರೆ ಟೋಪಿ ಅಂತಲೇ ಕೇಳುತ್ತದೆ. ಇಂಗ್ಲಿಷಿನಲ್ಲಿ ಒಳ್ಳೆಯ ಹ್ಯಾಕರನಿಗೆ ಬಿಳಿ ಟೋಪಿ, ಕೆಟ್ಟವನಿಗೆ ಕರಿ ಟೋಪಿ. ಹಳೆಯ ಕೌಬಾಯ್ ಸಿನಿಮಾಗಳಲ್ಲಿ ಹೀರೋ ವಿಲನ್ನುಗಳಿಗೆ ಹಾಕುತ್ತಿದ್ದ ಟೋಪಿಯ ಬಣ್ಣ ಅದು. ಕನ್ನಡಕ್ಕೆ ಇದನ್ನು ತರಲು ಹೋಗಬೇಡಿ. ನಮ್ಮಲ್ಲಿ ಯಾವ ಬಣ್ಣದ ಟೋಪಿ ಹಾಕಿದರೂ ಟೋಪಿಯೇ.

ಈ ಪದಗಳನ್ನೆಲ್ಲ ಯಾಕೆ ಹುಟ್ಟಿಸುತ್ತಾರೆ? ಇದರಲ್ಲಿ ನಿಮಗೂ ಕಂಪ್ಯೂಟರಿನವರಿಗೂ ವ್ಯತ್ಯಾಸ ಇಲ್ಲ. ಬೆಂಗಳೂರಿನ ಬಸ್ಸಿನಲ್ಲಿ ಇಬ್ಬರು ಕೊಡಗಿನವರು ಕೂತಿದ್ದರೆ ಗುಟ್ಟು ಮಾತಿಗೆ ಕೊಡವ ತಕ್ಕ್‌ಗೋ ಅರೆಭಾಷೆಗೋ ಜಾರಿಬಿಡುತ್ತಾರೆ. ನಾವು ಪ್ರೈಮರಿಯಲ್ಲಿ 'ಕ' ಭಾಷೆ ಆಡುತ್ತಿದ್ದೆವು. ಪ್ರತಿ ಅಕ್ಷರದ ಹಿಂದೆ ಒಂದು 'ಕ'. "ಕನೀಕನು ಕಬಾ" ಎಂದರೆ ನೀನು ಬಾ. ಟೀಚರಿಗೆ ತಿಳಿಯುವುದಿಲ್ಲ ಎಂದು ನಮಗೆ ನಂಬಿಕೆ. ಟೀಚರೂ ಸಣ್ಣವರಿದ್ದಾಗ ಅದನ್ನೇ ಆಡಿದ್ದರು ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. 1980ರ ದಶಕದಲ್ಲಿ ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಮೋಡೆಮ್ ಇಟ್ಟುಕೊಂಡು ಹರಟುತ್ತಿದ್ದ ಅಮೆರಿಕದ ಹುಡುಗರು ಮಾಡಿದ್ದೂ ಇದೇ. ಅಕ್ಷರದ ಬದಲು ಅಂಕಿ ಹಾಕಿದರು. ತಾವು ಮೇಲ್ದರ್ಜೆಯವರು, 'ಎಲೀಟ್', ಎಂದು ಹೇಳಿಕೊಳ್ಳಲು 1337 ಎಂದು ಬರೆದರು. ತಲೆ ಓರೆ ಮಾಡಿ ನೋಡಿದರೆ ಅಂಕಿಗಳು ಇಂಗ್ಲಿಷ್ ಅಕ್ಷರದ ಹಾಗೆ ಕಾಣುತ್ತವೆ: 1 ಎಲ್, 3 ಇ, 7 ಟಿ, ಸೇರಿಸಿ ಓದಿದರೆ 'ಲೀಟ್'. ಇಂಥ ಪದಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕುವ ಕೆಲಸ 1975ರಲ್ಲಿ ಸ್ಟ್ಯಾನ್‌ಫೋರ್ಡ್‌ನಲ್ಲಿ ರಾಫೆಲ್ ಫಿಂಕೆಲ್ ಎಂಬವರಿಂದ ಶುರುವಾಯಿತು. 'ಜಾರ್ಗನ್ ಫೈಲ್' ಎಂದು ಅದಕ್ಕೆ ಹೆಸರು. ಈಗಲೂ ಸಿಗುತ್ತದೆ, ಓದಿ. ನಗು ಬರುತ್ತದೆ. ಯಂತ್ರ ಬಳಸುವ 'ಯೂಸರ್' ಬಗ್ಗೆ ಅವರಿಗೆ ಎಷ್ಟು ಅಸಡ್ಡೆ ಎಂದರೆ ಅದಕ್ಕೆ ಒಂದು ಎಲ್ ಸೇರಿಸಿ 'ಲೂಸರ್' ಮಾಡಿದ್ದರು. ಕನ್ನಡದ 'ಬಳಕೆದಾರ' ಸರಿಯಾದ ಪದವೇ, ನನಗೆ ತಕರಾರಿಲ್ಲ. ಆದರೆ ಆ ಅಸಡ್ಡೆ ಬೇಕಾದರೆ 'ಗಿರಾಕಿ' ಇದೆ. "ಬಂದ ನೋಡು ಗಿರಾಕಿ."

ಸ್ಪ್ಯಾಮ್ ಬಗ್ಗೆ ಒಂದೇ ಮಾತು. ಅದು 1937ರಲ್ಲಿ ಮಾರುಕಟ್ಟೆಗೆ ಬಂದ ಡಬ್ಬಿ ಹಂದಿ ಮಾಂಸದ ಹೆಸರು. 1970ರಲ್ಲಿ ಬ್ರಿಟನ್ನಿನ ಮಾಂಟಿ ಪೈಥಾನ್ ಎಂಬ ಹಾಸ್ಯ ತಂಡ ಟಿವಿಯಲ್ಲಿ ಒಂದು ಹೋಟೆಲಿನ ದೃಶ್ಯ ಮಾಡಿತು. ಯಾವ ತಿಂಡಿ ಕೇಳಿದರೂ ಅದರಲ್ಲಿ ಸ್ಪ್ಯಾಮ್. ಬೇಡ ಅಂದರೂ ಸ್ಪ್ಯಾಮ್. ಅಲ್ಲಿಂದ ಬೇಡದ ಮೆಸೇಜುಗಳಿಗೆ ಆ ಹೆಸರು. ಪಂದಿ ಕರಿಯ ನಾಡಿನಲ್ಲಿ ನಿಂತು ಡಬ್ಬಿ ಹಂದಿಯ ಬಗ್ಗೆ ಇದಕ್ಕಿಂತ ಜಾಸ್ತಿ ಮಾತಾಡಿದರೆ ನೀವು ನನ್ನನ್ನು ಹೊರಗೆ ಹಾಕುತ್ತೀರಿ.

ಇನ್ನು 'ಗುರು'. ಮೂರನೇ ಸಾಲಿನ ಗೆಳೆಯ, ತಲೆ ಎತ್ತು. ನಮ್ಮ ಹುಡುಗರು ಸಿಕ್ಕಸಿಕ್ಕವರಿಗೆಲ್ಲ ಗುರು ಅನ್ನುತ್ತಾರೆ ಎಂದು ಹಿರಿಯರಿಗೆ ಬೇಜಾರು. ಅಷ್ಟು ದೊಡ್ಡ ಪದವನ್ನು ಬೀದಿಗೆ ತಂದರು ಅಂತ. ಪದ ಬೀದಿಗೆ ಬಂದದ್ದಷ್ಟೇ ಅಲ್ಲ, ಸಮುದ್ರವನ್ನೂ ದಾಟಿತು. 1960ರ ದಶಕದಲ್ಲಿ ಹಿಪ್ಪಿಗಳು ಗುರುಗಳನ್ನು ಹುಡುಕಿಕೊಂಡು ಇಲ್ಲಿಗೆ ಬಂದರು, ನಮ್ಮ ಗುರುಗಳೂ ಅಲ್ಲಿಗೆ ಹೋದರು. ಅಲ್ಲಿಂದ ಪದ ಕಂಪ್ಯೂಟರಿನವರ ಕೈಗೆ ಸಿಕ್ಕಿತು. ಕಂಪ್ಯೂಟರನ್ನು ನಡೆಸುವ ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಚೆನ್ನಾಗಿ ಬಲ್ಲವನು ಯುನಿಕ್ಸ್ ಗುರು. 1985ರಲ್ಲಿ ಬಂದ ಅಮಿಗಾ ಎಂಬ ಕಂಪ್ಯೂಟರ್ ಪೂರ್ತಿ ಕೆಟ್ಟು ನಿಂತರೆ ಪರದೆಯ ಮೇಲೆ ಕೆಂಪು ಚೌಕಟ್ಟಿನಲ್ಲಿ 'ಗುರು ಮೆಡಿಟೇಶನ್' ಎಂದು ಬರುತ್ತಿತ್ತು! ಅದನ್ನು ಕಟ್ಟಿದ ತಂಡದ ಹತ್ತಿರ ಒಂದು ಆಟದ ಹಲಗೆ ಇತ್ತು, ಮೇಲೆ ನಿಂತು ಆಚೀಚೆ ವಾಲಿಸುವಂಥದ್ದು. ಯಂತ್ರ ಕೆಟ್ಟು ತಲೆ ಬಿಸಿಯಾದಾಗ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅಲುಗಾಡದೆ ಇರುವ ಆಟ ಆಡುತ್ತಿದ್ದರಂತೆ. ಗುರು ಧ್ಯಾನದಲ್ಲಿದ್ದಾನೆ, ಕಂಪ್ಯೂಟರ್ ಕೆಟ್ಟಿದೆ. ಈಗ ಹೇಳಿ, ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ "ಎಲ್ಲಿ ಗುರು, ಕಾಣಿಸ್ಲೇ ಇಲ್ಲ" ಅನ್ನುವವನು ಮಾಡಿದ ತಪ್ಪೇನು?

ಅವತಾರದ ಕಥೆಯೂ ಹೀಗೇ. 1980ರ ದಶಕದ ನಡುವೆ ಕಂಪ್ಯೂಟರ್ ಆಟ ಕಟ್ಟುವವರು ಪರದೆಯ ಮೇಲೆ ಓಡಾಡುವ ನಮ್ಮ ಬೊಂಬೆಗೆ 'ಅವತಾರ್' ಎಂದು ಹೆಸರಿಟ್ಟರು. ದೇವರು ಮೇಲಿನಿಂದ ಇಳಿದು ಬಂದ ಹಾಗೆ ಆಟಗಾರ ಆಟದೊಳಗೆ ಇಳಿಯುತ್ತಾನೆ ಎಂಬ ಅರ್ಥದಲ್ಲಿ. ನಾನು ಕಾಲೇಜಿನಲ್ಲಿ ಕೂದಲು ಬಿಟ್ಟು ಮನೆಗೆ ಬಂದಾಗ ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ ಕೇಳಿದ್ದು "ಇದೇನೋ ನಿನ್ನ ಅವತಾರ?" ಎಂದು. ಆಟದ ಮಕ್ಕಳು ಈಗ ವಾರಕ್ಕೊಮ್ಮೆ ಅವತಾರ್ ಬದಲಾಯಿಸುತ್ತಾರಲ್ಲ, ಬಟ್ಟೆ, ಕೂದಲು, ಕನ್ನಡಕ ಎಲ್ಲ. ಅಜ್ಜಿಯ ಅರ್ಥಕ್ಕೇ ಅದು ಹತ್ತಿರ. ಅದೇ ಮಕ್ಕಳು ಆಟದಲ್ಲಿ 'ಲೂಟ್' ಮಾಡುತ್ತಾರೆ. ಅದೂ ಇಲ್ಲಿಂದಲೇ ಇಂಗ್ಲಿಷಿಗೆ ಹೋದ ಪದ. ಬ್ರಿಟಿಷರು ಪದದ ಜೊತೆ ಕೆಲಸವನ್ನೂ ಕಲಿತರು, 1834ರಲ್ಲಿ ಈ ಊರಿಗೂ ಬಂದರು. ಅದು ಬೇರೆ ದಿನದ ಮಾತು.

ಕೊಡಗಿನದ್ದೇ ಒಂದು ಪದ ನನಗೆ ಬಹಳ ಇಷ್ಟ. ಸಿಗ್ನಲ್‌ಗೆ ನಾವು 'ರೇಂಜ್' ಅನ್ನುತ್ತೇವೆ. "ಇಲ್ಲಿ ರೇಂಜ್ ಇಲ್ಲ, ಗುಡ್ಡೆ ಮೇಲೆ ಹೋಗಿ ಮಾಡ್ತೇನೆ." ಕೊರೋನಾ ಕಾಲದಲ್ಲಿ ನಿಮ್ಮಲ್ಲಿ ಎಷ್ಟೋ ಜನ ಕ್ಲಾಸಿಗೆ ಗುಡ್ಡೆ ಹತ್ತಿದವರೇ, ಮಳೆಯಲ್ಲಿ ಕೊಡೆ ಹಿಡಿದು. ಹಾಗೆಯೇ ಯಾರಾದರೂ ದೊಡ್ಡ ಕಾರಿನಲ್ಲಿ ಬಂದರೆ "ಅವನ ರೇಂಜೇ ಬೇರೆ" ಅನ್ನುತ್ತೇವೆ. ಕಾಡಂಚಿನ ಊರಿನವರಿಗೆ ರೇಂಜ್ ಅಂದರೆ ಫಾರೆಸ್ಟ್ ಆಫೀಸು. ಈ ಮೂರನ್ನೂ ಸೇರಿಸಿ ಒಬ್ಬ ಹುಡುಗ ನನಗೆ ಹೇಳಿದ: "ಸರ್, ನಮ್ಮ ರೇಂಜ್‌ನಲ್ಲಿ ರೇಂಜ್ ಇಲ್ಲ, ಆದ್ರೂ ನಮ್ಮ ರೇಂಜೇ ಬೇರೆ." ಅದನ್ನು ಯಾವ ಭಾಷೆಗಾದರೂ ಅನುವಾದ ಮಾಡಿ ನೋಡೋಣ. ಲೈನೂ ಹಾಗೇ. ತೋಟದಲ್ಲಿ ಲೈನ್ ಅಂದರೆ ಕೆಲಸದವರ ಮನೆ ಸಾಲು. ಕಾಲೇಜಿನಲ್ಲಿ ಲೈನ್ ಹೊಡೆಯೋದು ಬೇರೆ. ಆನ್‌ಲೈನ್ ಇನ್ನೂ ಬೇರೆ.

ನಾನು ಎಲ್ಲದಕ್ಕೂ ಕನ್ನಡ ಪದ ಹುಡುಕಿ ಅಂತ ಹೇಳುತ್ತಿಲ್ಲ. ಮೌಸಿಗೆ ಇಲಿ ಅಂದರೆ ಯಾರೂ ಕೇಳುವುದಿಲ್ಲ, ಕೇಳಲೂಬಾರದು. ಕ್ಲೌಡನ್ನು ಮೋಡ ಮಾಡಿ "ನನ್ನ ಫೋಟೋ ಎಲ್ಲ ಮೋಡದಲ್ಲಿವೆ" ಎಂದು ಜುಲೈ ತಿಂಗಳಲ್ಲಿ ಭಾಗಮಂಡಲದಲ್ಲಿ ಹೇಳಿ ನೋಡಿ. "ಹಾಗಾದ್ರೆ ಸಾಯಂಕಾಲದೊಳಗೆ ಹೊಳೆಗೆ ಬರ್ತವೆ" ಅನ್ನುತ್ತಾರೆ. ಬಸ್ಸು, ಕಾಫಿ ನಮ್ಮವೇ ಆದ ಹಾಗೆ ಮೌಸೂ ನಮ್ಮದೇ. ಆದರೆ ಲಿಂಕಿಗೆ 'ಕೊಂಡಿ' ನೋಡಿ, ಎಷ್ಟು ಸಲೀಸಾಗಿ ಕೂತಿತು. ಇಮೇಲಿಗೆ 'ಮಿಂಚಂಚೆ', ಅದರಲ್ಲಿ ಒಂದು ಆಟ ಇದೆ. ಕನ್ನಡದಲ್ಲಿ ಬರೆಯಲು ಬಂದ ತಂತ್ರಾಂಶಗಳಲ್ಲಿ ಜನರ ಬಾಯಲ್ಲಿ ಉಳಿದವು 'ಬರಹ', 'ನುಡಿ'. ಎಷ್ಟು ಸರಳ ಪದಗಳು! ಇದರ ನಡುವೆ 'ಸಂಗಣಕ' ಅಂದರೆ ಏನೆಂದು ನಮ್ಮ ತೋಟದ ರೈಟರನ್ನು ಕೇಳಿದೆ. "ಲೆಕ್ಕಪತ್ರದ ಆಫೀಸಾ ಸರ್?" ಅಂದರು.

ಹೆಸರು ಇಡುವುದನ್ನು ಕಲಿಯಬೇಕಾದರೆ ಕಾಫಿಯ ಕಥೆ ಕೇಳಿ, ಇದು ನಮ್ಮೂರಿಗೆ ಸೇರಿದ್ದು. ಸನ್ ಮೈಕ್ರೋಸಿಸ್ಟಮ್ಸ್ ಎಂಬ ಕಂಪನಿಯಲ್ಲಿ ಜೇಮ್ಸ್ ಗಾಸ್ಲಿಂಗ್ ಎಂಬವರು ಒಂದು ಪ್ರೋಗ್ರಾಮಿಂಗ್ ಭಾಷೆ ಮಾಡಿದರು. ಕಿಟಕಿಯ ಹೊರಗೆ ಒಂದು ಓಕ್ ಮರ ಇತ್ತು, ಅದನ್ನು ನೋಡಿ ಓಕ್ ಎಂದು ಹೆಸರಿಟ್ಟರು. ಆ ಹೆಸರು ಬೇರೆಯವರ ಹತ್ತಿರ ಇದೆ ಎಂದು ತಿಳಿದ ಮೇಲೆ ತಂಡದವರೆಲ್ಲ ಕೂತು 'ಜಾವಾ' ಎಂದರು. 1995ರಲ್ಲಿ ಅದೇ ಹೆಸರಿನಲ್ಲಿ ಹೊರಗೆ ಬಂತು. ಅಮೆರಿಕದ ಬೀದಿ ಮಾತಿನಲ್ಲಿ ಜಾವಾ ಎಂದರೆ ಕಾಫಿ. ಅದರ ಗುರುತೇ ಹೊಗೆಯಾಡುವ ಕಾಫಿ ಕಪ್ಪು. ಇನ್ನೂ ಕೇಳಿ. ಜಾವಾ ಪ್ರೋಗ್ರಾಮು ಓಡಲು ಸಿದ್ಧವಾದಾಗ ತಯಾರಾಗುವ ಪ್ರತಿ 'ಕ್ಲಾಸ್ ಫೈಲಿನ' ಮೊದಲ ಎಂಟು ಗುರುತುಗಳನ್ನು ಇಂಗ್ಲಿಷ್ ಅಕ್ಷರದ ಹಾಗೆ ಓದಿದರೆ 'ಕೆಫೆ ಬೇಬ್' ಎಂದು ಬರುತ್ತದೆ. ಹದಿನಾರರ ಲೆಕ್ಕದಲ್ಲಿ ಎ ಇಂದ ಎಫ್ ತನಕದ ಅಕ್ಷರಗಳೂ ಅಂಕಿಗಳೇ, ಅದರಲ್ಲಿ ಆಡಿದ ಆಟ. ಗಾಸ್ಲಿಂಗ್ ಹೇಳುವಂತೆ, ಅವರು ಊಟಕ್ಕೆ ಹೋಗುತ್ತಿದ್ದ ಜಾಗದಲ್ಲಿ ಹಿಂದೆ ಹಿಪ್ಪಿಗಳ ಪ್ರೀತಿಯ ತಂಡ ಗ್ರೇಟ್‌ಫುಲ್ ಡೆಡ್ ಹಾಡುತ್ತಿತ್ತು ಎಂಬ ಮಾತಿತ್ತು. ಹಾಗಾಗಿ ಆ ಜಾಗಕ್ಕೆ ಇವರು 'ಕೆಫೆ ಡೆಡ್' ಅನ್ನುತ್ತಿದ್ದರು. ಅದೂ ಹದಿನಾರರ ಲೆಕ್ಕದ ಸಂಖ್ಯೆ ಎಂದು ಹೊಳೆಯಿತು. ಅದರ ತಂಗಿಯೇ ಈ ಕೆಫೆ ಬೇಬ್. ಬ್ಯಾಂಕು, ರೈಲ್ವೆ, ವಿಮಾನ ಎಲ್ಲ ಕಡೆ ಓಡುವ ಪ್ರೋಗ್ರಾಮುಗಳ ಹಣೆಯ ಮೇಲೆ ಒಂದು ಹೋಟೆಲ್ ಹರಟೆ ಬರೆದಿದೆ.

ಜಾವಾ ದ್ವೀಪಕ್ಕೆ ಕಾಫಿ ಎಲ್ಲಿಂದ ಹೋಯಿತು ಗೊತ್ತಾ? 1690ರ ದಶಕದಲ್ಲಿ ಡಚ್ಚರು ಒಯ್ದರು, ಮಲಬಾರ್ ಕರಾವಳಿಯಿಂದ. ವಿರಾಜಪೇಟೆ ದಾಟಿ ಮಾಕುಟ್ಟದ ಘಾಟಿ ಇಳಿದರೆ ಸಿಗುವ ಅದೇ ಮಲಬಾರ್. ಗಿಡ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಅಮೆರಿಕದವರ ನಾಲಿಗೆಗೆ, ಅಲ್ಲಿಂದ ಕಂಪ್ಯೂಟರಿಗೆ. ಕೊನೆಗೆ ಬೆಂಗಳೂರಿನಲ್ಲಿ ಕೂತು ಕಾಫಿ ತೋಟದ ಹುಡುಗನೊಬ್ಬ ಹದಿನೆಂಟು ವರ್ಷ ಜಾವಾ ಕುಟ್ಟಿದ. ಅದು ನಾನೇ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿ ಪ್ರಶ್ನೆ ಕೇಳಿ ಎಂದೆ. ಮೊದಲು ಒಬ್ಬ ಹುಡುಗಿ ಎದ್ದಳು. "ಸರ್, ವಿಡಿಯೋ ನೋಡ್ತಾ ಇರೋವಾಗ ರೇಂಜ್ ಹೋಗಿ ಆ ರೌಂಡ್ ತಿರುಗ್ತಾ ಇರುತ್ತಲ್ಲ, ಬಫರಿಂಗ್. ಅದಕ್ಕೆ ಏನನ್ನೋಣ?" ನಾನು ಯೋಚಿಸುತ್ತಾ ನಿಂತೆ. ಹಿಂದಿನ ಬೆಂಚಿನಿಂದ ಯಾರೋ ಕೂಗಿದರು: "ಗಿರಕಿ ಹೊಡಿತಿದೆ ಸರ್! ನಮ್ಮ ಕ್ಲಾಸಲ್ಲಿ ಒಬ್ಬ ಎರಡು ವರ್ಷದಿಂದ ಹೊಡಿತಾ ಇದ್ದಾನೆ, ಇನ್ನೂ ಲೋಡ್ ಆಗಿಲ್ಲ." ಇಡೀ ಹಾಲ್ ಆ ಒಬ್ಬನ ಕಡೆ ತಿರುಗಿತು. ಮುಂದಿನ ಸಾಲಿನಲ್ಲಿದ್ದ ಕನ್ನಡ ಮೇಡಂ ಗಂಭೀರವಾಗಿರಲು ನೋಡಿದರು, ಆಗಲಿಲ್ಲ. ನಗು ನಿಂತ ಮೇಲೆ ಪೆನ್ ತೆಗೆದು ತಮ್ಮ ಪುಸ್ತಕದ ಹಿಂದಿನ ಪುಟದಲ್ಲಿ ಏನೋ ಬರೆದುಕೊಂಡರು.